ನಾಲ್ಕೇ ಹಾಡು ಗೊತ್ತಿದ್ದರೂ ಸಾಕು: ಹಿರಿಯ ರಾಕ್ ಗಾಯಕನ ಸೋಲೋ ಶೋಗೆ ಕಾಸರಗೋಡಿನಿಂದ ಹೋಗಿಬರುವ ಸಮಗ್ರ ಮಾರ್ಗದರ್ಶಿ

ನವೆಂಬರ್ ಬಂತೆಂದರೆ ನನಗೆ ಒಂದೇ ನಮೂನೆಯ ಫೋನ್ ಬರುತ್ತದೆ. "ಭಾವ, ಬೆಂಗಳೂರಿಗೆ ಆ ಗಿಟಾರಿನವ ಬರ್ತಾನಂತೆ, ಟಿಕೆಟ್ ತೆಗೆದಾಯ್ತು. ಇನ್ನು ಎಂತ ಮಾಡುವುದು?" ಪೆರ್ಲದಿಂದಲೂ ಬರುತ್ತದೆ, ಉಪ್ಪಳದಿಂದಲೂ ಬರುತ್ತದೆ. ಟಿಕೆಟ್ ತೆಗೆದ ಮೇಲೆ ಕೇಳುತ್ತಾರೆ, ತೊಂದರೆ ಅಲ್ಲೇ ಇರುವುದು. ಆಮೇಲೆ ರೈಲಿಲ್ಲ, ರೂಮಿಲ್ಲ, ಅರ್ಧ ಶೋ ಮುಗಿದ ಮೇಲೆ ಒಳಗೆ ಹೋದದ್ದು, ಗೊತ್ತಿದ್ದ ಒಂದೇ ಒಂದು ಹಾಡು ಹಾಡುವ ಹೊತ್ತಿಗೆ ಇವರು ಆಟೋ ಹುಡುಕುತ್ತಿದ್ದದ್ದು.

ಈ ಬರಹ ಪಕ್ಕಾ ಅಭಿಮಾನಿಗಳಿಗಲ್ಲ. ಅವರಿಗೆ ಎಲ್ಲ ಗೊತ್ತಿರುತ್ತದೆ. ಕಾಲೇಜಿನಲ್ಲಿ ಕ್ಯಾಸೆಟ್ಟಿನಲ್ಲಿ ಕೇಳಿದ ನಾಲ್ಕು ಹಾಡು ನೆನಪಿದೆ, ಒಮ್ಮೆ ಎದುರು ನಿಂತು ಕೇಳೋಣ ಎನ್ನುವವರಿಗೆ ಇದು. ಕೆಲಸದ ಕ್ರಮ ಮುಖ್ಯ. ಕೆಳಗೆ ಬರೆದ ಕ್ರಮದಲ್ಲೇ ಮಾಡಿ.

ಹಂತ 1: "ಸೋಲೋ" ಎಂದರೆ ಯಾವ ಸೋಲೋ ಎಂದು ನೋಡಿ

ಪೋಸ್ಟರಿನಲ್ಲಿ ಒಬ್ಬನದೇ ಹೆಸರಿದ್ದರೆ ಅದಕ್ಕೆ ಮೂರು ಅರ್ಥ ಇರಬಹುದು. ಮೂರೂ ಬೇರೆ ಬೇರೆ ಅನುಭವ.

ಒಂದು, ಯಾವತ್ತೂ ತನ್ನ ಹೆಸರಿನಲ್ಲೇ ಹಾಡಿದವರು. ಬ್ರಯಾನ್ ಆಡಮ್ಸ್ ಹಾಗೆ. ಹಿಂದೆ ಡ್ರಮ್ಸ್, ಬೇಸ್, ಕೀಬೋರ್ಡ್ ಎಲ್ಲ ಇರುತ್ತದೆ. ನಿಮಗೆ ಗೊತ್ತಿರುವ ಹಾಡುಗಳು ಹೆಚ್ಚುಕಡಿಮೆ ಬಂದೇ ಬರುತ್ತವೆ.

ಎರಡು, ದೊಡ್ಡ ಬ್ಯಾಂಡಿನಿಂದ ಹೊರಬಂದು ಸ್ವಂತವಾಗಿ ಹಾಡುವವರು. "ದಿ ಪೊಲೀಸ್" ಎಂಬ ಬ್ಯಾಂಡಿನ ಸ್ಟಿಂಗ್, ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್, ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಪ್‌ಫ್ಲರ್ ಈ ಸಾಲಿನವರು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನೀವು ಕೇಳಿದ್ದು ಬ್ಯಾಂಡಿನ ಹಾಡು, ಅವರು ಹಾಡುವುದರಲ್ಲಿ ಅರ್ಧಕ್ಕರ್ಧ ಅವರ ಸ್ವಂತ ಆಲ್ಬಮ್ಮಿನದ್ದಾಗಿರಬಹುದು. ಬ್ಯಾಂಡಿನಲ್ಲಿ ಇನ್ನೊಬ್ಬ ಹಾಡಿದ್ದ ಹಾಡನ್ನು ಇಲ್ಲಿ ಬೇರೆ ಯಾರೋ ಹಾಡಬಹುದು.

ಮೂರು, ನಿಜವಾಗಿಯೂ ಒಬ್ಬರೇ. ಗಿಟಾರ್ ಅಥವಾ ಪಿಯಾನೋ, ಒಂದು ಮೈಕು, ಅಷ್ಟೇ. ಬ್ರಯಾನ್ ಆಡಮ್ಸ್ ಅವರೇ ಈ ನಮೂನೆಯ ಅಕೂಸ್ಟಿಕ್ ಪ್ರವಾಸ ಮಾಡಿದ್ದಾರೆ, 2010ರಲ್ಲಿ "ಬೇರ್ ಬೋನ್ಸ್" ಎಂಬ ಲೈವ್ ಆಲ್ಬಮ್ ಕೂಡ ಬಂತು. ಚೆಂದವೇ. ಆದರೆ ಕುಣಿಯಲು ಹೋದವರಿಗೆ ಬೇಜಾರಾಗುತ್ತದೆ.

ಗೊತ್ತು ಮಾಡಿಕೊಳ್ಳುವುದು ಹೇಗೆ? ಪ್ರವಾಸದ ಹೆಸರು ನೋಡಿ. ಅದೇ ಹೆಸರಿನಲ್ಲಿ ಕಳೆದ ತಿಂಗಳು ಬೇರೆ ಊರಿನಲ್ಲಿ ಆದ ಶೋದ ವಿಡಿಯೋ ಯೂಟ್ಯೂಬಿನಲ್ಲಿ ಹುಡುಕಿ. ಎರಡು ನಿಮಿಷ ನೋಡಿದರೆ ವೇದಿಕೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ತಿಳಿಯುತ್ತದೆ. ದನಿ ಈಗ ಹೇಗಿದೆ ಎಂದೂ ತಿಳಿಯುತ್ತದೆ.

ಈ ದನಿಯ ಬಗ್ಗೆ ಒಂದು ಮಾತು. ಅರುವತ್ತು ದಾಟಿದ ಗಾಯಕ ಇಪ್ಪತ್ತೈದರಲ್ಲಿ ಹಾಡಿದ ಶ್ರುತಿಯಲ್ಲೇ ಹಾಡಬೇಕೆಂದು ಕೂರಬೇಡಿ. ಯಕ್ಷಗಾನದಲ್ಲಿ ಹಾಡುವ ವಯಸ್ಸಾದ ಭಾಗವತರು ಶ್ರುತಿ ಇಳಿಸಿ ಹಾಡಿದರೆ ನಾವು ವೇಷ ಕಟ್ಟುವ ಚೌಕಿಗೆ ಹೋಗಿ ಜಗಳ ಮಾಡುತ್ತೇವಾ? ಇಲ್ಲ ಅಲ್ವಾ. ಇಲ್ಲೂ ಹಾಗೆಯೇ. ಎತ್ತರದ ಸಾಲು ಬಂದಾಗ ಮೈಕನ್ನು ಜನರ ಕಡೆ ಹಿಡಿಯುವುದೂ ಮಾಮೂಲು.

ಎಚ್ಚರಿಕೆ: ಪೋಸ್ಟರಿನಲ್ಲಿ "ಟ್ರಿಬ್ಯೂಟ್" ಎಂಬ ಪದ ಸಣ್ಣಕ್ಕೆ ಬರೆದಿದ್ದರೆ ಆ ಗಾಯಕ ಬರುವುದೇ ಇಲ್ಲ. ಬೇರೆಯವರು ಅವರ ಹಾಡು ಹಾಡುತ್ತಾರೆ. ನನ್ನ ಪರಿಚಯದವರೊಬ್ಬರು ಮಂಗಳೂರು ದಾಟಿದ ಮೇಲೆ ಇದನ್ನು ಓದಿದರು.

ಹಂತ 2: ವಾಪಸು ಬರುವ ದಾರಿ ಮೊದಲು ಗಟ್ಟಿ ಮಾಡಿ

ಟಿಕೆಟ್ ಇನ್ನೂ ಬೇಡ. ಮೊದಲು ವಾಪಸು ಬರುವುದು ಹೇಗೆ ಎಂದು ಲೆಕ್ಕ ಹಾಕಿ.

ಲೆಕ್ಕಕ್ಕೆ ಒಂದು ಗಟ್ಟಿ ಆಧಾರ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಿಶೇಷ ಅನುಮತಿಯ ಕೆಲವೇ ದಿನ ಬಿಟ್ಟರೆ ಮೈದಾನದ ಶೋಗಳೆಲ್ಲ 10ಕ್ಕೆ ಮುಗಿಯುತ್ತವೆ. ಹಾಗಾಗಿ ಮುಖ್ಯ ಗಾಯಕ ವೇದಿಕೆಗೆ ಬರುವುದು ಹೆಚ್ಚಾಗಿ ಏಳೂವರೆಯಿಂದ ಎಂಟರ ಒಳಗೆ.

ಇದು ನಮ್ಮ ಊರಿನವರಿಗೆ ತಲೆಗೆ ಹೋಗುವುದಿಲ್ಲ. ನಮಗೆ ಬೆಳಗಿನವರೆಗೆ ನಡೆಯುವ ಯಕ್ಷಗಾನದ ಆಟ ನೋಡಿ ಅಭ್ಯಾಸ. ಪೂರ್ವರಂಗ ಮುಗಿಯಲಿ, ಊಟ ಮಾಡಿ ನಿಧಾನ ಹೋಗೋಣ ಎನ್ನುವ ಜನ. ಮೊದಲ ಸಲ ನಾನೂ ಹಾಗೆಯೇ ಮಾಡಿದೆ. ಸಂಜೆ ಹೋಟೆಲಿನಲ್ಲಿ ಆರಾಮವಾಗಿ ಕಾಫಿ ಕುಡಿದು, ಟ್ರಾಫಿಕ್ಕಿನಲ್ಲಿ ಕೂತು, 9ಕ್ಕೆ ಒಳಗೆ ಹೋದೆ. ಒಂದು ಗಂಟೆ ಕೇಳಿದೆ. 10ಕ್ಕೆ ದೀಪ ಹಾಕಿದರು. ಬೆಳಗಿನ ತನಕ ನಡೆಯುವ ಶೋ ಅಲ್ಲ ಮಾರಾಯ್ರೆ, ಇದು ಕಾಲಮಿತಿ.

ಕಾಸರಗೋಡಿನಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಮಂಗಳೂರು, ಹಾಸನದ ಮೇಲೆ ಹೋಗುವ ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ನಮ್ಮಲ್ಲಿ ಸಂಜೆ ಹತ್ತಿದರೆ ಬೆಳಗ್ಗೆ ಇಳಿಸುತ್ತದೆ. ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ವಾಪಸು ಬರುವ ರೈಲು ಮೆಜೆಸ್ಟಿಕ್ಕಿನಿಂದ ರಾತ್ರಿ ಒಂಬತ್ತೂವರೆಯ ಸುಮಾರಿಗೇ ಬಿಡುತ್ತದೆ. ಶೋ ಮುಗಿಯುವುದು 10ಕ್ಕೆ. ಅಂದರೆ ಆ ರೈಲು ನಿಮ್ಮದಲ್ಲ. ಎಷ್ಟೋ ಜನ ಅದನ್ನೇ ಬುಕ್ ಮಾಡಿ ಎಂಟೂವರೆಗೆ ಮೈದಾನ ಬಿಟ್ಟು ಓಡಿದ್ದಾರೆ.

ಹಾಗಾದರೆ ಎರಡೇ ದಾರಿ. ಅಲ್ಲೇ ಒಂದು ರಾತ್ರಿ ಉಳಿದು ಮರುದಿನ ಹೊರಡುವುದು. ಅಥವಾ ಹನ್ನೊಂದೂವರೆಯ ನಂತರ ಬಿಡುವ ರಾತ್ರಿ ಬಸ್ಸು. ಬಸ್ಸಾದರೆ ಮೈದಾನದಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. 10ಕ್ಕೆ ಶೋ ಮುಗಿದರೂ ಗೇಟಿನಿಂದ ಹೊರಬೀಳುವಾಗಲೇ ಹತ್ತೂವರೆ. ನನ್ನ ಕೇಳಿದರೆ ಉಳಿಯುವುದೇ ಒಳ್ಳೆಯದು. ರೂಮನ್ನು ಮೆಜೆಸ್ಟಿಕ್ ಪಕ್ಕ ಮಾಡಬೇಡಿ, ಮೈದಾನದ ಪಕ್ಕ ಮಾಡಿ. ಬೆಳಗ್ಗೆ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಬರುವುದು ಸುಲಭ, ರಾತ್ರಿ ಹತ್ತೂವರೆಗೆ ಆಟೋ ಹುಡುಕುವುದು ಕಷ್ಟ.

ಮೈದಾನ ಎಲ್ಲಿದೆ ಎಂದೂ ನೋಡಿ. ತುಮಕೂರು ರಸ್ತೆಯ ಮಾದಾವರ ಕಡೆಯಾದರೆ 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೋ ಅಲ್ಲಿಯವರೆಗೆ ಹೋಗುತ್ತದೆ. ಅರಮನೆ ಮೈದಾನವಾದರೆ ಊರ ಮಧ್ಯೆಯೇ ಇದೆ, ಆದರೆ ಮೆಟ್ರೋ ಇಳಿದು ಮತ್ತೆ ಆಟೋ ಬೇಕು. ವಿಮಾನ ನಿಲ್ದಾಣದ ಕಡೆಯ ಮೈದಾನವಾದರೆ ಜೊತೆಗಾರರನ್ನು ಸೇರಿಸಿ ಒಂದು ಟ್ಯಾಕ್ಸಿಯನ್ನೇ ಹೋಗಿಬರಲು ಗೊತ್ತು ಮಾಡಿ.

ರೈಲಿನ ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. ಶೋ ಡಿಸೆಂಬರಿನಲ್ಲಿದ್ದರೆ ಕ್ರಿಸ್ಮಸ್ ರಜೆಯವರು, ಶಬರಿಮಲೆಯವರು ಎಲ್ಲ ಅದೇ ರೈಲಿಗೆ ಬೀಳುತ್ತಾರೆ. ತೆರೆದ ದಿನವೇ ತೆಗೆಯಿರಿ. ತತ್ಕಾಲ್ ನಂಬಿ ಕೂರಬೇಡಿ. ಅದಕ್ಕೆ ಆಧಾರ್ ದೃಢೀಕರಣ ಬೇಕು, ಸೀಟಿನ ಖಾತ್ರಿ ಮಾತ್ರ ಇಲ್ಲ.

ಕೊಚ್ಚಿಯ ಶೋ ಆದರೆ ಕೆಲಸ ಸುಲಭ. ರಾತ್ರಿ ಉತ್ತರಕ್ಕೆ ಬರುವ ರೈಲುಗಳಿವೆ. ಮುಂಬಯಿ ಆದರೆ ನೇತ್ರಾವತಿ ರೈಲಿನಲ್ಲಿ ಹತ್ತಿರ ಹತ್ತಿರ ಒಂದು ಇಡೀ ದಿನ. ನಾಲ್ಕು ಹಾಡಿಗೆ ಅಷ್ಟು ದೂರ ಬೇಕಾ ಎಂದು ಒಮ್ಮೆ ಯೋಚಿಸಿ.

ಹಂತ 3: ಟಿಕೆಟ್

ಈಗ ಟಿಕೆಟ್. ಬುಕ್‌ಮೈಶೋ ಅಥವಾ ಡಿಸ್ಟ್ರಿಕ್ಟ್ ಆಪಿನಲ್ಲಿ ಹೆಚ್ಚಾಗಿ ಸಿಗುತ್ತದೆ. ಗಾಯಕನ ಅಧಿಕೃತ ಪುಟದಲ್ಲಿ ಯಾವ ಕೊಂಡಿ ಇದೆಯೋ ಅದರಿಂದಲೇ ಹೋಗಿ. ಮಾರಾಟದ ಹಿಂದಿನ ದಿನವೇ ಲಾಗಿನ್ ಆಗಿ, ಹೆಸರು, ಫೋನ್ ನಂಬರ್, ಹಣ ಕೊಡುವ ವ್ಯವಸ್ಥೆ ಎಲ್ಲ ಸರಿ ಮಾಡಿಡಿ. ಸರತಿಯಲ್ಲಿ ನಿಂತ ಮೇಲೆ ಪೇಜ್ ರಿಫ್ರೆಶ್ ಮಾಡಬೇಡಿ, ಹಿಂದೆ ಬೀಳುತ್ತೀರಿ. ತೋರಿಸುವ ಬೆಲೆಯೇ ಕೊನೆಯ ಬೆಲೆಯಲ್ಲ. ಮೇಲೆ ಜಿಎಸ್‌ಟಿ, ಬುಕಿಂಗ್ ಚಾರ್ಜ್ ಸೇರುತ್ತದೆ.

ಯಾವ ದರ್ಜೆ? ವೇದಿಕೆಯ ಮುಂದಿನ ಫ್ಯಾನ್‌ಪಿಟ್ ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಒಳ್ಳೆಯ ಜಾಗ ಬೇಕೆಂದರೆ ಮಧ್ಯಾಹ್ನದಿಂದ ನಿಲ್ಲಬೇಕು, ಮೂತ್ರಕ್ಕೆ ಹೋದರೆ ಜಾಗ ಹೋಯಿತು, ಸುತ್ತ ಇರುವವರು ನಿಮಗೆ ಗೊತ್ತಿಲ್ಲದ ಹಾಡಿನ ಪ್ರತಿ ಸಾಲು ಕಿರುಚುತ್ತಾರೆ. ಅದರ ಹಿಂದಿನ ದರ್ಜೆ ನಮ್ಮಂಥವರಿಗೆ ಸರಿ. ಮಂಡಿನೋವು ಇದ್ದರೆ ಕೂರುವ ಜಾಗ ಇದೆಯಾ ನೋಡಿ. "ಸ್ಟ್ಯಾಂಡಿಂಗ್" ಎಂದಿದ್ದರೆ ಮೂರು ನಾಲ್ಕು ಗಂಟೆ ನಿಂತೇ ಇರಬೇಕು, ಮೂಲೆಯಲ್ಲಿ ಕುರ್ಚಿ ಹಾಕಿ ಕೊಡುವುದಿಲ್ಲ.

ಕೆಲವು ಶೋಗಳಿಗೆ ಟಿಕೆಟಿನ ಬದಲು ಕೈಗೆ ಕಟ್ಟುವ ಕೈಪಟ್ಟಿ ಮನೆಗೆ ಕೊರಿಯರ್ ಬರುತ್ತದೆ. ನಮ್ಮ ಒಳಊರುಗಳ ಪಿನ್‌ಕೋಡ್ ಹಾಕಿದರೆ ಡೆಲಿವರಿ ಇಲ್ಲ ಎಂದು ತೋರಿಸಬಹುದು. ಆಗ ಮೈದಾನದ ಕೌಂಟರಿನಲ್ಲಿ ಪಡೆಯುವ ಆಯ್ಕೆ ಒತ್ತಿ. ಬುಕ್ ಮಾಡಿದವರೇ ಗುರುತಿನ ಚೀಟಿಯೊಂದಿಗೆ ಹೋಗಬೇಕಾಗುತ್ತದೆ, ಹಾಗಾಗಿ ಬರದೇ ಇರುವ ತಮ್ಮನ ಹೆಸರಿನಲ್ಲಿ ಬುಕ್ ಮಾಡಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ವಯಸ್ಸಿನ ಮಿತಿ ಓದಿ.

ಎಚ್ಚರಿಕೆಯ ಲಕ್ಷಣಗಳು. ಟಿಕೆಟ್ ಮುಗಿದ ಮೇಲೆ ಇನ್‌ಸ್ಟಾಗ್ರಾಮಿನಲ್ಲಿ, ಟೆಲಿಗ್ರಾಮಿನಲ್ಲಿ "ಎರಡು ಎಕ್ಸ್‌ಟ್ರಾ ಇದೆ" ಎನ್ನುವವರು ಹುಟ್ಟಿಕೊಳ್ಳುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇ ಬ್ಯಾಂಡಿನ ಮುಂಬಯಿ ಶೋ ಟಿಕೆಟ್ಟುಗಳನ್ನು ಲಕ್ಷಗಟ್ಟಲೆ ರೂಪಾಯಿಗೆ ಮರುಮಾರಾಟಕ್ಕಿಟ್ಟ ಗಲಾಟೆ ನೆನಪಿರಬಹುದು. ಹೊರಗೆ ಕೊಂಡ ಟಿಕೆಟ್ ಗೇಟಿನಲ್ಲಿ ನಡೆಯದಿದ್ದರೆ ಕೇಳುವವರಿಲ್ಲ. ಒಂದೇ ಕ್ಯೂಆರ್ ಕೋಡನ್ನು ಐದು ಜನರಿಗೆ ಮಾರಿರುತ್ತಾರೆ, ಮೊದಲು ಸ್ಕ್ಯಾನ್ ಆದವನು ಒಳಗೆ, ಉಳಿದ ನಾಲ್ವರು ಹೊರಗೆ. ಅರ್ಧ ಹಣ ಈಗಲೇ ಹಾಕಿ ಎನ್ನುವವನನ್ನು ಬಿಟ್ಟುಬಿಡಿ. ರಿಫಂಡ್ ಪಡೆಯಲು ಪಿನ್ ಒತ್ತಿ ಎಂದರೆ ಅದು ಖಂಡಿತ ಮೋಸ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಡವೇ ಬೇಡ. ಹಣ ಹೋಯಿತೆಂದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 4: ಹಾಡು ಕೇಳಿ ತಯಾರಾಗಿ

ಹೆಚ್ಚಿನವರು ಬಿಡುವ ಹಂತ ಇದೇ. ಶೋದಲ್ಲಿ ಸುಮಾರು ಇಪ್ಪತ್ತು ಹಾಡು ಇರುತ್ತದೆ. ನಾಲ್ಕು ಗೊತ್ತಿದ್ದರೆ ಉಳಿದ ಹದಿನಾರು ಹಾಡಿಗೆ ಸುಮ್ನೆ ನಿಂತಿರಬೇಕು.

ಸೆಟ್‌ಲಿಸ್ಟ್ ಎಫ್‌ಎಂ ಎಂಬ ತಾಣ ಇದೆ. ಯಾವ ಶೋದಲ್ಲಿ ಯಾವ ಹಾಡು ಯಾವ ಕ್ರಮದಲ್ಲಿ ಹಾಡಿದರು ಎಂದು ನೋಡಿ ಬಂದವರೇ ಅಲ್ಲಿ ಬರೆದಿಡುತ್ತಾರೆ. ನಿಮ್ಮ ಗಾಯಕನ ಕೊನೆಯ ನಾಲ್ಕೈದು ಶೋ ತೆಗೆದು ನೋಡಿ. ಹಿರಿಯ ಗಾಯಕರು ಒಂದು ಪ್ರವಾಸದ ಒಳಗೆ ಪಟ್ಟಿಯನ್ನು ಜಾಸ್ತಿ ಬದಲಿಸುವುದಿಲ್ಲ. ಎಲ್ಲದರಲ್ಲೂ ಬಂದ ಹಾಡುಗಳನ್ನು ಒಂದು ಪ್ಲೇಲಿಸ್ಟ್ ಮಾಡಿ. ಪ್ರತಿದಿನ ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುವವರಾದರೆ ಎರಡು ವಾರ ಸಾಕು, ಎಲ್ಲ ಬಾಯಿಗೆ ಬರುತ್ತದೆ.

ಸ್ಟುಡಿಯೋದಲ್ಲಿ ಹಾಡಿದ್ದಕ್ಕಿಂತ ಈಚಿನ ಲೈವ್ ಧ್ವನಿಮುದ್ರಣ ಕೇಳಿ. ವೇಗ ಬೇರೆ ಇರುತ್ತದೆ, ಶ್ರುತಿ ಬೇರೆ ಇರುತ್ತದೆ, ಮಧ್ಯೆ ಗಿಟಾರ್ ಉದ್ದಕ್ಕೆ ಹೋಗುತ್ತದೆ. ಕ್ಯಾಸೆಟ್ಟಿನ ನೆನಪಿನಲ್ಲಿ ಹೋದವರಿಗೆ ಮೊದಲ ಒಂದು ನಿಮಿಷ ಯಾವ ಹಾಡೆಂದೇ ಗೊತ್ತಾಗುವುದಿಲ್ಲ.

ಪಟ್ಟಿಯಲ್ಲಿ ಮೂರು ವಿಷಯ ಗುರುತು ಹಾಕಿ. ಮೊದಲ ಹಾಡು ಯಾವುದು. ನಿಮ್ಮ ಹಾಡು ಎಷ್ಟನೆಯದು. ಎನ್ಕೋರ್ ಎಂದರೆ ಎಲ್ಲ ಮುಗಿಸಿ ಒಳಗೆ ಹೋಗಿ ಮತ್ತೆ ಬಂದು ಹಾಡುವ ಹಾಡು ಯಾವುದು. ಜನ ಕಾಯುವ ದೊಡ್ಡ ಹಾಡನ್ನು ಎಷ್ಟೋ ಗಾಯಕರು ಎನ್ಕೋರಿಗೆ ಇಡುತ್ತಾರೆ. ಮಧ್ಯೆ ಸಾಲಾಗಿ ಎರಡು ಮೂರು ಹೊಸ ಹಾಡು ಇದ್ದರೆ ಅದು ಶೌಚಾಲಯಕ್ಕೆ ಹೋಗುವ ಸಮಯ. ಪಕ್ಕಾ ಅಭಿಮಾನಿಗಳು ಬೈಯಬಹುದು, ಬೈಯಲಿ. ರೋಜರ್ ವಾಟರ್ಸ್ ಅವರಂತೆ ಮಧ್ಯೆ ವಿರಾಮ ಕೊಡುವವರಾದರೆ ಈ ಚಿಂತೆ ಇಲ್ಲ.

ಹಂತ 5: ಜೊತೆಗೆ ಏನಿರಬೇಕು

ಫೋನ್, ಗುರುತಿನ ಚೀಟಿಯ ಮೂಲಪ್ರತಿ, ಸ್ವಲ್ಪ ನಗದು, ಮುಚ್ಚಿದ ಶೂ, ತೆಳ್ಳಗಿನ ಜಾಕೆಟ್, ಇಯರ್‌ಪ್ಲಗ್. ಇಷ್ಟೇ.

ಜಾಕೆಟ್ ಯಾಕೆಂದರೆ ನಮ್ಮಲ್ಲಿ ಡಿಸೆಂಬರಿನಲ್ಲೂ ಸೆಕೆ. ಬೆಂಗಳೂರಿನ ಮೈದಾನದಲ್ಲಿ ರಾತ್ರಿ ಗಾಳಿ ಬೀಸಿದರೆ ಹಲ್ಲು ಕಡಿಯುತ್ತದೆ. ಚಪ್ಪಲಿ ಬೇಡ, ಕತ್ತಲಲ್ಲಿ ಬೇರೆಯವರ ಶೂ ನಿಮ್ಮ ಬೆರಳಿನ ಮೇಲೆ ಬರುತ್ತದೆ.

ದೊಡ್ಡ ಚೀಲ, ನೀರಿನ ಬಾಟಲಿ, ಕೊಡೆ, ಲೈಟರ್, ಸೆಲ್ಫಿ ಕೋಲು, ಕ್ಯಾಮೆರಾ ಗೇಟಿನಲ್ಲಿ ತೆಗೆಸುತ್ತಾರೆ. ಪವರ್‌ಬ್ಯಾಂಕನ್ನೂ ಎಷ್ಟೋ ಕಡೆ ಬಿಡುವುದಿಲ್ಲ, ಟಿಕೆಟಿನ ನಿಯಮ ಓದಿ. ಊರಿನಿಂದ ನೇರ ಮೈದಾನಕ್ಕೆ ಬ್ಯಾಗ್ ಹೊತ್ತು ಹೋಗುವುದು ದೊಡ್ಡ ತಪ್ಪು. ಇಡಲು ಜಾಗವೇ ಇರುವುದಿಲ್ಲ. ರೂಮಿನಲ್ಲೋ ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲೋ ಇಡಿ.

ಇಯರ್‌ಪ್ಲಗ್ ಎಂದರೆ ನಗುತ್ತಾರೆ. ಹಾಡು ಕೇಳಲು ಹೋಗಿ ಕಿವಿ ಮುಚ್ಚುವುದಾ ಎಂದು. ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು 15 ನಿಮಿಷ ಮಾತ್ರ. ರಾಕ್ ಶೋದಲ್ಲಿ ಸ್ಪೀಕರಿನ ಹತ್ತಿರ 100 ದಾಟುವುದು ಏನೂ ದೊಡ್ಡದಲ್ಲ, ಅದೂ ಎರಡು ಗಂಟೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಪ್ಲಗ್ ಸಾಕು. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಒಳಗೆ ಅರಳಿ ಕೂರುತ್ತದೆ. ಹತ್ತಿ ತುರುಕಿದರೆ ಏನೂ ಪ್ರಯೋಜನ ಇಲ್ಲ.

ಹಂತ 6: ಗೇಟಿನಿಂದ ನಿಲ್ಲುವ ಜಾಗದವರೆಗೆ

ಟಿಕೆಟಿನಲ್ಲಿ ಬರೆದ ಸಮಯ ಹೆಚ್ಚಾಗಿ ಗೇಟು ತೆರೆಯುವ ಸಮಯ. ಗಾಯಕ ಬರುವ ಎರಡು ಗಂಟೆ ಮೊದಲು ಒಳಗಿರಿ. ಅದಕ್ಕಿಂತ ಮೊದಲೂ ಬೇಡ, ಕಾಲು ಸೋಲುತ್ತದೆ. ಒಮ್ಮೆ ಹೊರಗೆ ಹೋದರೆ ಮತ್ತೆ ಬಿಡುವುದಿಲ್ಲ. ಆಟದ ನಡುವೆ ಎದ್ದು ಚಹಾ ಕುಡಿದು ಬರುವ ಹಾಗೆ ಇಲ್ಲಿ ಆಗುವುದಿಲ್ಲ.

ಮೈದಾನದ ಹತ್ತಿರ ಸಾವಿರಾರು ಫೋನು ಸೇರಿದಾಗ ನೆಟ್‌ವರ್ಕ್ ಸತ್ತುಹೋಗುತ್ತದೆ. ರೂಮಿನಿಂದ ಹೊರಡುವ ಮೊದಲೇ ಆಪ್ ತೆರೆದು ಕ್ಯೂಆರ್ ಕಾಣುತ್ತದೆಯಾ ನೋಡಿ. ಕೆಲವು ಕೋಡು ಆಗಾಗ ಬದಲಾಗುವಂಥದ್ದು, ಅದರ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಒಳಗೆ ಜೊತೆಗಾರರು ತಪ್ಪಿದರೆ ಎಲ್ಲಿ ಸೇರುವುದು ಎಂದು ಮೊದಲೇ ಮಾತಾಡಿ. "ಸ್ಟೇಜಿನ ಹತ್ತಿರ" ಎಂದರೆ ಆಗಲಿಲ್ಲ. "ಎಡಗಡೆಯ ಎರಡನೇ ನೀರಿನ ಸ್ಟಾಲ್" ಎನ್ನಬೇಕು.

ನಿಲ್ಲುವುದು ಎಲ್ಲಿ? ಮೈದಾನದ ಮಧ್ಯೆ ಒಂದು ಟೆಂಟ್ ಇರುತ್ತದೆ, ಸೌಂಡ್ ಇಂಜಿನಿಯರ್ ಕೂರುವ ಜಾಗ. ಅವರು ತಮ್ಮ ಕಿವಿಗೆ ಕೇಳಿದ ಹಾಗೆ ಸದ್ದನ್ನು ಹದ ಮಾಡುತ್ತಾರೆ, ಹಾಗಾಗಿ ಅದರ ಸ್ವಲ್ಪ ಮುಂದೆ ನಿಂತರೆ ಎಲ್ಲ ವಾದ್ಯ ಸರಿಯಾಗಿ ಕೇಳುತ್ತದೆ. ವೇದಿಕೆಯ ಪಕ್ಕದ ಸ್ಪೀಕರ್ ಗೋಪುರದ ಎದುರು ನಿಂತರೆ ಬರೀ ಬೇಸಿನ ಗುದ್ದು. ತೀರಾ ಹಿಂದೆ ನಿಂತರೆ ಇನ್ನೊಂದು ಕಿರಿಕಿರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ಹಿಂದೆ ಇದ್ದರೆ ಪರದೆಯಲ್ಲಿ ಬಾಯಿ ಆಡಿದ ಮೇಲೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ದನಿ ಬರುತ್ತದೆ.

ಅಪಾಯದ ಲಕ್ಷಣಗಳು. ಜನಜಂಗುಳಿಯಲ್ಲಿ ಕೈ ಎತ್ತಿ ಮುಖ ಮುಟ್ಟಲು ಆಗದಿದ್ದರೆ, ನಾಲ್ಕೂ ಕಡೆಯಿಂದ ಭುಜ ತಾಗುತ್ತಿದ್ದರೆ, ನೀವು ಹೆಜ್ಜೆ ಇಡದೆಯೇ ಅಲೆಯ ಹಾಗೆ ಹಿಂದೆ ಮುಂದೆ ಹೋಗುತ್ತಿದ್ದರೆ ಆಗಲೇ ಹೊರಡಿ. ಎರಡೂ ಕೈಯನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಇಟ್ಟುಕೊಳ್ಳಿ. ತಳ್ಳಾಟದ ವಿರುದ್ಧ ಒತ್ತಬೇಡಿ. ತಳ್ಳಾಟ ಸ್ವಲ್ಪ ನಿಂತಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಫೋನ್ ಬಿದ್ದರೆ ಬಗ್ಗಬೇಡಿ, ಹೋದರೆ ಹೋಗಲಿ.

ಇದು ವೇದಿಕೆಯ ಮುಂದೆ ಮಾತ್ರ ಆಗುವುದೆಂದು ತಿಳಿಯಬೇಡಿ. 2023ರ ನವೆಂಬರಿನಲ್ಲಿ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ನೂಕುನುಗ್ಗಲಿಗೆ 4 ಮಂದಿ ಸತ್ತದ್ದು ಗಾಯನ ಶುರುವಾಗುವ ಮೊದಲು, ಗೇಟಿನ ಹತ್ತಿರದ ಮೆಟ್ಟಿಲಿನಲ್ಲಿ. ಗೇಟಿನಲ್ಲಿ ಜನ ಒತ್ತುತ್ತಿದ್ದರೆ ಹತ್ತು ನಿಮಿಷ ದೂರ ನಿಲ್ಲಿ. ಒಂದು ಹಾಡು ಹೋದರೂ ಪರವಾಗಿಲ್ಲ.

ಹಂತ 7: ಶೋ ನಡೆಯುವಾಗ

ಇಲ್ಲಿ ಹೇಳುವುದು ಕಡಿಮೆ. ಮೊದಲ ಹಾಡಿಗೆ ವಿಡಿಯೋ ಮಾಡಿ ಫೋನ್ ಒಳಗೆ ಹಾಕಿ. ಪೂರ್ತಿ ಮಾಡಿದರೆ ಬ್ಯಾಟರಿ ಹೋಗುತ್ತದೆ, ಆಮೇಲೆ ಟ್ಯಾಕ್ಸಿ ಕರೆಯಲೂ ಆಗುವುದಿಲ್ಲ. ಹಿಂದಿನವರಿಗೂ ನಿಮ್ಮ ಫೋನೇ ಕಾಣುತ್ತಿರುತ್ತದೆ. ಹಾಡು ಗೊತ್ತಿಲ್ಲದಿದ್ದರೆ ಪಲ್ಲವಿ ಎರಡನೇ ಸಲ ಬಂದಾಗ ಸೇರಿಕೊಳ್ಳಿ, ಯಾರೂ ಪರೀಕ್ಷೆ ಮಾಡುವುದಿಲ್ಲ. ಗಂಟೆಗೊಮ್ಮೆ ನೀರು ಕುಡಿಯಿರಿ. ತಲೆ ಸುತ್ತಿದರೆ, ಬೆವರು ತಣ್ಣಗಾದರೆ ಹಾಡು ಮುಗಿಯಲಿ ಎಂದು ಕಾಯಬೇಡಿ, ಅಂಚಿಗೆ ಬಂದು ಕೂತು ಮೆಡಿಕಲ್ ಟೆಂಟಿನವರನ್ನು ಕರೆಯಿರಿ.

ಗಾಯಕ ನಮಸ್ಕಾರ ಹೇಳಿ ಒಳಗೆ ಹೋದ ಕೂಡಲೇ ಓಡಬೇಡಿ. ದೀಪ ಪೂರ್ತಿ ಹತ್ತಿಲ್ಲದಿದ್ದರೆ, ವೇದಿಕೆಯ ಹುಡುಗರು ವೈರು ಸುತ್ತಲು ಶುರು ಮಾಡದಿದ್ದರೆ ಎನ್ಕೋರ್ ಬಾಕಿ ಇದೆ ಎಂದೇ ಅರ್ಥ. ಟ್ರಾಫಿಕ್ ತಪ್ಪಿಸಲು ಹೋಗಿ ತಮ್ಮದೇ ಹಾಡನ್ನು ಪಾರ್ಕಿಂಗಿನಲ್ಲಿ ನಿಂತು ಕೇಳಿದವರನ್ನು ನಾನು ನೋಡಿದ್ದೇನೆ.

ಹಂತ 8: ಹೊರಬರುವುದು ಮತ್ತು ಮರುದಿನ

ಮುಗಿದ ಮೇಲೆ ಕಾಲು ಗಂಟೆ ಅಲ್ಲೇ ನಿಲ್ಲಿ. ಎಲ್ಲರೂ ಒಂದೇ ಗೇಟಿಗೆ ನುಗ್ಗುವ ಹೊತ್ತು ಅದು. ಟ್ಯಾಕ್ಸಿಯನ್ನು ಮೈದಾನದ ಬಾಗಿಲಿಗೆ ಕರೆಯಬೇಡಿ, ಬರುವುದೂ ಇಲ್ಲ, ಬಂದರೆ ದರ ಮೂರು ಪಟ್ಟು. ಒಂದು ಕಿಲೋಮೀಟರ್ ನಡೆದು ದೊಡ್ಡ ರಸ್ತೆಗೆ ಬಂದು ಕರೆಯಿರಿ. ಮೆಟ್ರೋ ಆದರೆ ಕೊನೆಯ ಗಾಡಿಯ ಸಮಯ ಬೆಳಗ್ಗೆಯೇ ನೋಡಿಡಿ, ವಾಪಸಿನ ಟಿಕೆಟನ್ನೂ ಮೊದಲೇ ತೆಗೆಯಿರಿ.

ಬರುವಾಗ ಬೆಂಗಳೂರಿನಿಂದ ಮದ್ಯದ ಬಾಟಲಿ ತರುವ ಯೋಚನೆ ಇದ್ದರೆ ಬಿಡಿ. ಕೇರಳದ ಗಡಿ ತಲಪಾಡಿ ದಾಟಿದ ಮೇಲೆ ಮಂಜೇಶ್ವರದಲ್ಲಿ ಎಕ್ಸೈಸಿನವರು ಬಸ್ಸು ಹತ್ತಿದರೆ ಶೋದ ಖುಷಿಯೆಲ್ಲ ಅಲ್ಲೇ ಇಳಿಯುತ್ತದೆ.

ರಾತ್ರಿ ಕಿವಿಯಲ್ಲಿ ಸಣ್ಣಗೆ ಗುಂಯ್ ಎನ್ನಬಹುದು. ಮರುದಿನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಬೇಡಿ, ಕಿವಿಗೆ ರಜೆ ಕೊಡಿ. ಎರಡು ದಿನವಾದರೂ ಗುಂಯ್ ನಿಲ್ಲದಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದರೆ ಎರಡು ದಿನವೂ ಕಾಯಬೇಡಿ, ಅದೇ ದಿನ ಹೋಗಿ.

ಇನ್ನೊಂದು. ಒಳಗೆ ಊಟ, ನೀರಿಗೆಂದು ಕೈಪಟ್ಟಿಗೆ ಹಣ ತುಂಬಿಸಿದ್ದರೆ ಉಳಿದದ್ದನ್ನು ವಾಪಸು ಕೇಳಲು ಕೆಲವೇ ದಿನ ಗಡುವು ಇರುತ್ತದೆ. ಕೈಪಟ್ಟಿಯನ್ನು ನೆನಪಿಗೆಂದು ಕತ್ತರಿಸಿ ಡೈರಿಗೆ ಅಂಟಿಸುವ ಮೊದಲು ಅದರ ಮೇಲಿನ ನಂಬರ್ ಬರೆದುಕೊಳ್ಳಿ. ನನ್ನ 340 ರೂಪಾಯಿ ಇನ್ನೂ ಅದರಲ್ಲೇ ಇದೆ.